ಬೆಟ್ಟದ ಪಾಸ್‌ಪೋರ್ಟ್ ಫೋಟೋ

ಮಾವನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವುದೆಂದರೆ ಹುಡುಗಾಟವಲ್ಲ. ತಲೆ ಸರಿಯಾಗಿ ನಡುವೆ ಇರಬೇಕು, ಎರಡು ಕಿವಿಯೂ ಕಾಣಬೇಕು, ಹಿಂದಿನ ಬಿಳಿ ಬಟ್ಟೆಯ ಮೇಲೆ ನೆರಳಿನ ಸುಳಿವೂ ಇರಕೂಡದು. ಡಿಗ್ರಿ ಮುಗಿಸಿ ಎರಡು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದ ಅವರ ಅಕ್ಕನ ಮಗಳಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ಅವಳು ತೆಗೆದ ಒಂದು ಫೋಟೋವೂ ಯಾವ ಕಚೇರಿಯಿಂದಲೂ ವಾಪಸ್ ಬಂದಿರಲಿಲ್ಲ. ಮಾತು ಮಾತ್ರ ಬಲು ತುಟ್ಟಿ. ದಿನವಿಡೀ ಅವಳ ಬಾಯಿಂದ ಹೊರಡುತ್ತಿದ್ದದ್ದು ‘ಇಲ್ಲಿ ನೋಡಿ’, ‘ಗಲ್ಲ ಸ್ವಲ್ಪ ಕೆಳಗೆ’, ಅಷ್ಟೇ. ಮಾವ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಚಿಲಿಪಿಲಿ ಎನ್ನದ ಗುಬ್ಬಿಯನ್ನು ಅವರೂ ಬೇರೆಲ್ಲೂ ಕಂಡಿರಲಿಲ್ಲ.

ಒಂದು ಗುರುವಾರ ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಕೆಳಗಿಳಿದು ಬಂದರು.

“ಪೇಷಂಟುಗಳು ಕಾಯೋ ರೂಮಿಗೆ ಬಣ್ಣ ಹೊಡೆಸಿದೀನಿ. ಒಂದು ಗೋಡೆ ಬಿಕೋ ಅಂತಿದೆ. ನಿಮ್ಮ ಗುಬ್ಬಿ ರಜೆ ದಿನ ಬೆಟ್ಟ, ಕೆರೆ ಅಂತ ಕ್ಯಾಮೆರಾ ಹಿಡ್ಕೊಂಡು ಸುತ್ತುತಾಳಲ್ಲ, ಒಂದು ಫೋಟೋ ಕೊಡಲಿ. ನೋಡ್ತಾ ನೋಡ್ತಾ ಜನಕ್ಕೆ ಹಲ್ಲುನೋವು ಮರೀಬೇಕು. ಸೋಮವಾರ ಬರಲಿಲ್ಲ ಅಂದ್ರೆ ಪೇಸ್ಟ್ ಕಂಪನಿಯವರು ಕೊಟ್ಟ ಚಾರ್ಟ್ ಹಾಕ್ತೀನಿ. ಕೊಳೆತ ಒಸಡಿಂದು.”

ಗುಬ್ಬಿ ತಲೆಯಾಡಿಸಿದಳು. ಎರಡು ವರ್ಷದ ಫೋಟೋಗಳೆಲ್ಲ ಡೈರಿಗಳ ಜೊತೆ ಬೀರುವಿನಲ್ಲಿ ಅಡಗಿದ್ದವು. ಈಗ ಒಂದಕ್ಕೆ ಗೋಡೆ ಸಿಗುವ ಹಾಗಿತ್ತು. ಒಸಡಿನ ಎದುರು ಸೋತರೆ ಮತ್ತೆ ಬೀರು ತೆಗೆಯುವ ಮನಸ್ಸಾದರೂ ಹೇಗೆ ಬಂದೀತು?

ಹಿಂದಿನ ಕೋಣೆಯಲ್ಲಿ ಅತ್ತೆ ಚಿತ್ರಗಳಿಗೆ ಗಾಜಿನ ಕಟ್ಟು ಹಾಕುವ ಮೇಜಿನ ಮೇಲೆ ಅವಳು ನಲವತ್ತು ಫೋಟೋ ಹರಡಿದಳು. ಕೆರೆಯಾಚೆಯ ಅದೇ ಬೆಟ್ಟ, ನಲವತ್ತು ಸಲ. ಅತ್ತೆ ಗಾಜಿನ ಪುಡಿ ಒರೆಸಿಕೊಂಡು ಬಗ್ಗಿ ನೋಡಿದರು.

“ಇದ್ಯಾಕೇ, ಈ ಬೆಟ್ಟ ವಿದೇಶಕ್ಕೆ ಹೊರಟಿದೆಯಾ?”

ಗುಬ್ಬಿಗೆ ಅರ್ಥವಾಗಲಿಲ್ಲ.

“ನಟ್ಟ ನಡುವೆ ಕೂರಿಸಿದೀಯ. ಹಿಂದೆ ಬಿಳೀ ಆಕಾಶ, ಒಂದು ಮೋಡ ಇಲ್ಲ.”

“ಮೋಡ ಹೋಗೋ ತನಕ ಕಾದೆ ಅತ್ತೆ.”

“ನೆರಳೂ ಇಲ್ಲ.”

“ನೆರಳು ಬೀಳಬಾರದು ಅಂತ ಮಧ್ಯಾಹ್ನ ಹೋಗಿದ್ದೆ.”

ಮಾವ ಬಾಗಿಲಲ್ಲಿ ಇಣುಕಿದರು. “ಏನು ತಪ್ಪಾಗಿದೆ? ತಲೆ ಮೇಲೆ ಜಾಗ ಅಳೆದು ಬಿಟ್ಟಿದಾಳೆ. ಎರಡು ಭುಜವೂ ಸಮ ಇದೆ.”

“ನೀವು ಸುಮ್ನಿರಿ. ಇವಳು ಬೆಟ್ಟಕ್ಕೆ ಗಲ್ಲ ಕೆಳಗೆ ಮಾಡು ಅನ್ನೋದೊಂದು ಬಾಕಿ.”

ಗುಬ್ಬಿಯ ಕಿವಿ ಕೆಂಪಾಯಿತು. ಆದರೆ ನಗು ತಡೆಯಲಾಗಲಿಲ್ಲ. ನಿಜಕ್ಕೂ ಬೆಟ್ಟ ಉಸಿರು ಬಿಗಿಹಿಡಿದು ಸ್ಟೂಲಿನ ಮೇಲೆ ಕೂತ ಹಾಗಿತ್ತು.

ಅತ್ತೆ ದಪ್ಪ ರಟ್ಟನ್ನು ಬಡಗಿಯ ಮೂಲೆಮಟ್ಟದಂತೆ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಎರಡು ತುಂಡು ಕತ್ತರಿಸಿ, ಒಂದಕ್ಕೊಂದು ಎದುರಿಟ್ಟರು. ನಡುವೆ ಪುಟ್ಟ ಕಿಟಕಿಯಾಯಿತು. ಅದನ್ನು ಫೋಟೋದ ಮೇಲೆ ಹಿಗ್ಗಿಸಿ, ಕುಗ್ಗಿಸಿ, ಸರಿಸುತ್ತಾ ಹೋದರು. ಬೆಟ್ಟ ಬಲಕ್ಕೆ ಸರಿಯಿತು. ಸರಿದದ್ದೇ ಅದಕ್ಕೆ ಉಸಿರು ಬಂದಂತಾಯಿತು.

“ನೋಡು. ಆದ್ರೆ ಎಡಗಡೆ ಮುಂದೆ ಏನೂ ಇಲ್ಲ. ಕಣ್ಣು ಒಳಗೆ ಬರೋದು ಯಾವ ದಾರೀಲಿ? ನೀನು ನಿಂತಿದ್ದೆಲ್ಲಿ?”

“ಸೇತುವೆ ತುದೀಲಿ. ಅಲ್ಲಿ ಯಾರೂ ಮಾತಾಡ್ಸಲ್ಲ.”

“ಹಾಗಾದ್ರೆ ಕೆಳಗಿಳಿ.”

ಶನಿವಾರ ಸಂಜೆ ಅವಳು ಕೆಳಗಿಳಿದಳು. ಬಿಸಿಲು ಪಕ್ಕದಿಂದ ಬಿದ್ದು ಬೆಟ್ಟಕ್ಕೆ ಮಡಿಕೆಗಳು ಮೂಡಿದ್ದವು. ದಡದಲ್ಲಿ ಒಬ್ಬ ದೋಣಿಯವನು ಬೋರಲು ಹಾಕಿದ ದೋಣಿಯ ಬಿರುಕಿಗೆ ಡಾಂಬರು ಮೆತ್ತುತ್ತಿದ್ದ. ಗುಬ್ಬಿ ರಟ್ಟಿನ ಕಿಟಕಿಯನ್ನು ಕಣ್ಣೆದುರು ಹಿಡಿದು ಒಂದು ಹೆಜ್ಜೆ ಎಡಕ್ಕೆ ಇಟ್ಟಳು, ಕುಕ್ಕರುಗಾಲಲ್ಲಿ ಕೂತಳು, ಮತ್ತೆ ಎದ್ದಳು.

“ಏನಮ್ಮ, ಕಿಟಕಿ ತಂದಿದೀಯ, ಮನೆ ಎಲ್ಲಿ?” ಅಂದ ಅವನು.

ಬೇರೆ ದಿನವಾಗಿದ್ದರೆ ಅವಳು ಅಲ್ಲಿಂದಲೇ ಓಟ ಕೀಳುತ್ತಿದ್ದಳು. ಆದರೆ ಕಿಟಕಿಯೊಳಗೆ ದೋಣಿಯ ಮೂತಿ ನೀರು ದಾಟಿ ನೇರ ಬೆಟ್ಟದ ಕಡೆ ಬೆರಳು ಮಾಡುತ್ತಿತ್ತು. ಕಣ್ಣಿಗೆ ದಾರಿ ಸಿಕ್ಕಿತ್ತು. ಅಷ್ಟರಲ್ಲಿ ಅವನು ಡಾಂಬರಿನ ಡಬ್ಬ ಮುಚ್ಚಿ, ದೋಣಿಯನ್ನು ಚಪ್ಪರದ ಕೆಳಗೆ ಎಳೆಯಲು ಎದ್ದ.

ಮನಸ್ಸಿನಲ್ಲಿ ಮೂರು ಸಲ ಹೇಳಿಕೊಂಡು ನಾಲ್ಕನೆಯದನ್ನು ಹೊರಗೆ ಬಿಟ್ಟಳು. “ಅಣ್ಣಾ, ಹತ್ತು ನಿಮಿಷ ದೋಣಿ ಅಲ್ಲೇ ಇರಲಿ. ಫೋಟೋ ತೆಗೀಬೇಕು.”

“ಫೋಟೋನಾ? ಮೊದಲೇ ಹೇಳಬಾರದಾ.” ಅವನು ಕೂದಲಿಗೆ ನೀರು ಸವರಿ, ದೋಣಿಯ ಮುಂದೆ ಕೂತ. ಬೆನ್ನು ಕಂಬದಂತೆ ನೆಟ್ಟಗೆ, ಎರಡು ಕಿವಿಯೂ ಸಮ. ಮಾವ ಕಂಡಿದ್ದರೆ ಅಪ್ಪಿಕೊಳ್ಳುತ್ತಿದ್ದರು.

ಗುಬ್ಬಿ ಕ್ಯಾಮೆರಾ ಕೆಳಗಿಳಿಸಿದಳು. “ಇಲ್ಲಿ ನೋಡಬೇಡಿ.”

“ಏನು?”

“ಇಲ್ಲಿ ನೋಡಬೇಡಿ ಅಣ್ಣಾ. ನಿಮ್ಮ ಕೆಲಸ ನೀವು ಮಾಡ್ತಿರಿ.”

“ಎಂಥ ಫೋಟೋದವಳಮ್ಮ ನೀನು” ಎನ್ನುತ್ತಾ ಅವನು ಮತ್ತೆ ಡಬ್ಬ ಬಿಚ್ಚಿದ. ಇನ್ನೂ ಮೆತ್ತಬೇಕಾದ ಒಂದು ಬಿರುಕು ಕಣ್ಣಿಗೆ ಬಿದ್ದದ್ದೇ ಅವಳನ್ನು ಮರೆತೇಬಿಟ್ಟ. ಬೆಟ್ಟದ ನೆತ್ತಿಯ ಮೇಲೆ ಒಂದು ಮೋಡ ಬಂದು ನಿಂತಿತು. ಅದು ಹೋಗಲಿ ಎಂದು ಅವಳು ಕಾಯಲಿಲ್ಲ.

ಕಟ್ಟು ಹಾಕಿದ ಫೋಟೋವನ್ನು ಸೋಮವಾರ ಮಾವ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬೆಟ್ಟ ಮೂಲೆಗೆ ಬಿದ್ದಿದೆ, ಮನುಷ್ಯನ ಮುಖ ಇಲ್ಲ, ಅರ್ಧ ಬರೀ ನೆರಳು. ಪಾಸ್‌ಪೋರ್ಟ್ ಕಚೇರಿಗಾದ್ರೆ ಸಂಜೆಯೊಳಗೆ ವಾಪಸ್ ಬರುತ್ತೆ.”

ಸಂಜೆ ವಾಪಸ್ ಬಂದದ್ದು ಒಸಡಿನ ಚಾರ್ಟು. ಡಾಕ್ಟರು ಅದನ್ನು ಸುರುಳಿ ಸುತ್ತಿ ಅತ್ತೆಯ ರಟ್ಟುಗಳ ಮೂಲೆಗೆ ಒರಗಿಸಿದರು. “ಏನಕ್ಕಾದ್ರೂ ಬಳಸ್ಕೊಳ್ಳಿ. ಅಲ್ಲಾ, ಪೇಷಂಟ್ ಒಬ್ಬರನ್ನ ಎರಡು ಸಲ ಕರೆದೆ, ಏಳಲೇ ಇಲ್ಲ. ಆ ದೋಣಿ ತೂತು ಮುಚ್ಚಿತಾ ಅಂತ ನನ್ನನ್ನೇ ಕೇಳ್ತಾರೆ.”

ಗುಬ್ಬಿ ಆಗ ಬಿಳಿ ಬಟ್ಟೆಯ ಮುಂದೆ ಯಾರೋ ಗಿರಾಕಿಯ ಫೋಟೋ ತೆಗೆಯುತ್ತಿದ್ದಳು. ಖುಷಿ ಮುಚ್ಚಿಡಲು ಕ್ಯಾಮೆರಾದ ಹಿಂದೆ ಮುಖ ಹುದುಗಿಸಿದಳು. ಅವಳಿಗೇ ತಿಳಿಯದಂತೆ ಕ್ಯಾಮೆರಾ ಮೆಲ್ಲಗೆ ಎಡಕ್ಕೆ ತಿರುಗಿತು.

“ನಡುವೆ ಗುಬ್ಬೀ, ನಡುವೆ” ಎಂದರು ಮಾವ, ತಲೆಯೆತ್ತದೆ. “ಅವರು ಬೆಟ್ಟ ಅಲ್ಲ.”