ಬಡಗಿಯ ಕೊನೆಯ ವಾರ

ಬಡಗಿ ತೀರಿಕೊಂಡು ಏಳು ತಿಂಗಳಾದ ಮೇಲೆ ಅವನ ಹೆಂಡತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಸಿರೋಸಿಸ್ಸಿನಿಂದ ಲಿವರ್ ಗಟ್ಟಿಯಾಗಿ ಸತ್ತವರ ಫೈಲುಗಳನ್ನು ಅಲ್ಲಿನ ಡಾಕ್ಟರಮ್ಮ ಮತ್ತೆ ತೆಗೆದು ನೋಡುತ್ತಿದ್ದರು. ಎಲ್ಲದರಲ್ಲೂ ಸಾವಿನ ಕಾರಣ ಅಂತ ಬರೆದಿದ್ದದ್ದು ಎರಡೇ ಪದ: ಲಿವರ್ ವೈಫಲ್ಯ. ನಿಜದಲ್ಲಿ ಒಬ್ಬರು ರಕ್ತ ಕಾರಿ ಹೋಗಿರುತ್ತಾರೆ, ಇನ್ನೊಬ್ಬರಿಗೆ ಕಿಡ್ನಿ ಕೈಕೊಟ್ಟಿರುತ್ತದೆ. ಅದಕ್ಕೇ ಮನೆಯವರನ್ನು ಕರೆದು ಕೇಳುತ್ತಿದ್ದರು.

ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಗಂಡ ಒಂದು ದಿನವೂ ಕುಡಿದವನಲ್ಲ. ಆದರೂ ಲಿವರ್ ಅಂದ ಕೂಡಲೇ ಬೀದಿಯವರು ಕುಡಿತ ಅಂತಲೇ ತೀರ್ಪು ಕೊಟ್ಟಿದ್ದರು. ಊರ ಬಾಯಿಗೆ ಮುಚ್ಚಳ ಹಾಕೋರು ಯಾರು? ಅಣ್ಣನ ಮರದ ಕೆಲಸವನ್ನು ಈಗ ನಡೆಸುತ್ತಿದ್ದ ಮೈದುನ ಬಲವಂತ ಮಾಡಿ ಕರೆದುಕೊಂಡು ಬಂದ.

ಡಾಕ್ಟರಮ್ಮನ ಕೋಣೆಯಲ್ಲಿ ಫೈಲುಗಳ ಭಾರಕ್ಕೆ ಕಪಾಟಿನ ಹಲಗೆ ಬಾಗಿತ್ತು. ಮೈದುನ ಕೂರುವ ಮೊದಲೇ ಹಲಗೆಯನ್ನು ಅಡಿಯಿಂದ ಒತ್ತಿ ನೋಡಿದ.

"ನಡುವೆ ಒಂದು ಆಸರೆ ಕೊಡಬೇಕಿತ್ತು."

"ಅದಕ್ಕೂ ಚಿಕಿತ್ಸೆ ಆಗಬೇಕು ಬಿಡಿ," ಅಂದರು ಡಾಕ್ಟರಮ್ಮ. ಆಮೇಲೆ ಅವಳ ಕಡೆ ತಿರುಗಿದರು. "ಕೊನೇ ವಾರ ಹೇಗಿದ್ರು, ಹೇಳಿಮ್ಮ."

"ಸ್ವಲ್ಪ ಜ್ವರ. ಹೊಟ್ಟೆ ನೋವು ಅಂತಿದ್ರು. ಕೊಡದ ಹಾಗೆ ಉಬ್ಬಿತ್ತಲ್ಲ, ಅದಕ್ಕೇ ಅಂದ್ಕೊಂಡೆ. ಆಮೇಲೆ ನನ್ನನ್ನ ಬೈಯೋಕೆ ಶುರು ಮಾಡಿದ್ರು. ಮೂವತ್ತೊಂದು ವರ್ಷ ಒಂದು ಗಡಸು ಮಾತು ಆಡಿದವರಲ್ಲ. ಹಗಲೆಲ್ಲ ನಿದ್ದೆ, ಎದ್ರೆ ಬೈಗುಳ. ನೀನ್ಯಾರು, ಆಚೆ ನಡಿ ಅಂದ್ರು. ನನಗೂ ರೋಸಿಹೋಯ್ತು. ಎರಡು ದಿನ ಮಾತು ಬಿಟ್ಟೆ. ಊಟ ಇಟ್ಟು ಬರ್ತಿದ್ದೆ, ಅಷ್ಟೇ. ಮೂರನೇ ದಿನ ಎಬ್ಬಿಸಿದ್ರೆ ಏಳಲಿಲ್ಲ, ಇಲ್ಲಿಗೆ ತಂದ್ವಿ."

ಮೈದುನ ನೆಲ ನೋಡುತ್ತಿದ್ದ. ಇದನ್ನು ಅವನೂ ಮೊದಲ ಸಲ ಕೇಳುತ್ತಿದ್ದ.

ಡಾಕ್ಟರಮ್ಮ ಫೈಲಿನ ಕೊನೆಯಿಂದ ಒಂದು ಹಾಳೆ ತೆಗೆದರು. ಅವನನ್ನು ಆಸ್ಪತ್ರೆಗೆ ತಂದ ದಿನ ಹೊಟ್ಟೆಯಿಂದ ತೆಗೆದ ನೀರಿನ ಪರೀಕ್ಷೆಯ ವರದಿ. ಅದು ಬರುವಷ್ಟರಲ್ಲಿ ಬಡಗಿ ಹೋಗಿಬಿಟ್ಟಿದ್ದ; ಯಾರೂ ಓದದೆ ಫೈಲಿಗೆ ಸೇರಿಸಿದ್ದರು.

"ಹೊಟ್ಟೇಲಿ ತುಂಬಿದ್ದ ನೀರಿಗೆ ಸೋಂಕು ತಗುಲಿತ್ತು. ಅವರ ಜೀವ ತೆಗೆದದ್ದು ಅದು. ಲಿವರ್ ಸೋಸಬೇಕಾದ ವಿಷವೆಲ್ಲ ಅದರಿಂದ ಮಿದುಳಿಗೆ ಏರಿತ್ತು. ನೀವ್ಯಾರು ಅಂತ ಅವರಿಗೆ ನಿಜವಾಗ್ಲೂ ಗೊತ್ತಾಗಿರಲಿಲ್ಲ."

"ಬೇಗ ಕರ್ಕೊಂಡು ಬಂದಿದ್ರೆ?" ಅವಳು ಕೇಳಿದಳು.

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಇನ್ನಷ್ಟು ದಿನ ಉಳೀತಿದ್ರೇನೋ. ಆದ್ರೆ ಜ್ವರ, ಮಂಕು ಕಂಡ್ರೆ ಓಡಿ ಬನ್ನಿ ಅಂತ ನಾವು ನಿಮಗೆ ಹೇಳಬೇಕಿತ್ತು. ಯಾರಾದ್ರೂ ಹೇಳಿದ್ರಾ?"

"ಇಲ್ಲ."

"ಅದನ್ನೂ ಬರ್ಕೋತೀನಿ."

ಅವಳು ಸದ್ದಿಲ್ಲದೆ ಅತ್ತಳು. ಏಳು ತಿಂಗಳಲ್ಲಿ ಗಂಡನ ಮೇಲೆ ಸಿಟ್ಟಿಲ್ಲದೆ ಅತ್ತದ್ದು ಅದೇ ಮೊದಲು.

ಅವಳು ಕಣ್ಣೊರೆಸಿಕೊಳ್ಳುವ ತನಕ ಕಾದು ಡಾಕ್ಟರಮ್ಮ ಹೇಳಿದರು, "ಲಿವರ್ ಕೆಡಿಸಿದ್ದು ಒಂದು ವೈರಸ್. ಹೆರಿಗೇಲಿ ತಾಯಿಯಿಂದ ಮಕ್ಕಳಿಗೆ, ಆಮೇಲೆ ಗಂಡನಿಂದ ಹೆಂಡತಿಗೂ ಬರೋದುಂಟು. ತಮ್ಮನವರೇ, ನೀವು ಯಾವತ್ತಾದ್ರೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ?"

"ನಾನಾ? ಗುಂಡುಕಲ್ಲಿನ ಹಾಗಿದ್ದೀನಿ."

"ನಿಮ್ಮಣ್ಣನೂ ಹಾಗೇ ಅಂತಿದ್ರು," ಅಂದಳು ಅತ್ತಿಗೆ. "ತೋಳು ಚಾಚು."

ಇಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟರು. ಅವಳಲ್ಲಿ ಏನೂ ಇರಲಿಲ್ಲ. ಅವನಲ್ಲಿ ವೈರಸ್ ಇತ್ತು, ಆದರೆ ಲಿವರ್ ಇನ್ನೂ ಚೆನ್ನಾಗಿತ್ತು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ಈಗ ಅವನು ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಅತ್ತಿಗೆಯ ಅಡುಗೆಮನೆಯಲ್ಲಿ ನಿಂತು ಮಾತ್ರೆ ನುಂಗುತ್ತಾನೆ. "ನಾಲಿಗೆ ಎತ್ತು," ಅನ್ನುತ್ತಾಳೆ ಅವಳು. ಅವನು ಎತ್ತಿ ತೋರಿಸುತ್ತಾನೆ.