ಹತ್ತು ಮಂದಿಗೊಬ್ಬ ಡೀನ್

ಡಾ. ಮಾಳಿಂಗರಾಯರು ನಮ್ಮ ಕೃಷಿ ಕಾಲೇಜಿಗೆ ಡೀನ್ ಆಗಿದ್ದ ಆರು ವರ್ಷಗಳಲ್ಲಿ ಅವರು ಯಾರ ಮುಂದೆಯೂ ನಡೆದದ್ದನ್ನು ನಾನು ಕಾಣಲಿಲ್ಲ. ಬೆಂಗಳೂರಿನಿಂದ ಬಂದ ಅತಿಥಿಗಳಿರಲಿ, ಹೊಲದ ಪಾಠಕ್ಕೆ ಹೊರಟ ಮೊದಲ ವರ್ಷದ ವಿದ್ಯಾರ್ಥಿಗಳಿರಲಿ, ಎಲ್ಲರನ್ನೂ ಮುಂದೆ ಬಿಟ್ಟು, ಎಡಗೈ ಬೆನ್ನಿಗಿಟ್ಟು, ಬಲಗಾಲನ್ನು ತುಸು ಎಳೆದು ಹಾಕುತ್ತ ಕಟ್ಟಕಡೆಗೆ ಬರುತ್ತಿದ್ದರು. ಹೊಸಬರು ಅವರನ್ನೇ ದಾಟಿ ಹೋಗಿ ಡೀನ್ ಸಾಹೇಬರು ಎಲ್ಲಿ ಎಂದು ವಿಚಾರಿಸಿದ್ದೂ ಉಂಟು. ಹೊರ್ತಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಕುರಿಯ ಹಿಂದೆ ಹಿಂದೆ ಕಲಿತ ನಡಿಗೆ ಅದು. ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ಲು ಹೊದಿಸುವುದು ನಮ್ಮ ಅಧಿಕಾರಸ್ಥರ ಸಂಪ್ರದಾಯವಾದರೆ, ಇವರ ಕುರ್ಚಿಗೆ ಒಂದು ಕರಿ ಕಂಬಳಿ. ಘಟಿಕೋತ್ಸವಕ್ಕೆಂದು ಇದ್ದ ಒಂದೇ ಕಂದು ಕೋಟನ್ನು ಅವರು ತೊಟ್ಟದ್ದಕ್ಕಿಂತ ತೋಳ ಮೇಲೆ ಹೊತ್ತದ್ದೇ ಹೆಚ್ಚು.

ನಾನು ಅಲ್ಲಿ ಕನ್ನಡ ಪಾಠ ಹೇಳುವವನು, ಶಬ್ದಗಳ ಬೇರು ಕೆದಕುವ ಚಟದವನು. ಒಮ್ಮೆ ಚಹಾ ಕುಡಿಯುತ್ತ, ಡೀನ್ ಎಂಬ ಮಾತಿನ ಹುಟ್ಟನ್ನು ಅವರೆದುರು ಜಂಬದಿಂದಲೇ ಬಿಚ್ಚಿಟ್ಟೆ. ಹಿಂದಿನ ಕಾಲದ ಕ್ರೈಸ್ತ ಮಠಗಳಲ್ಲಿ ಹತ್ತು ಸನ್ಯಾಸಿಗಳ ಯೋಗಕ್ಷೇಮ ನೋಡಿಕೊಳ್ಳುವ ಹಿರಿಯನಿಗೆ ಇದ್ದ ಹೆಸರು ಅದು; ಮಠದಿಂದ ದೊಡ್ಡ ಚರ್ಚುಗಳಿಗೆ, ಅಲ್ಲಿಂದ ವಿಶ್ವವಿದ್ಯಾಲಯಗಳಿಗೆ ಬಂದು, ಈಗ ನಿಮ್ಮ ಬಾಗಿಲಿನ ಫಲಕದ ಮೇಲೆ ಕೂತಿದೆ ಎಂದೆ. ಅವರು ಕಪ್ಪನ್ನು ಕೆಳಗಿಟ್ಟರು. ಆಮೇಲೆ ತಮ್ಮ ತಂದೆಯ ಸುದ್ದಿ ತೆಗೆದರು: ಮುಂಜಾನೆ ಮುಳ್ಳಿನ ಬೇಲಿಯ ಸಂದಿಯಿಂದ ಆತ ಹತ್ತು ಹತ್ತೇ ಕುರಿಗಳನ್ನು ಹೊರಗೆ ಬಿಡುತ್ತಿದ್ದನಂತೆ, ಆ ಹತ್ತರ ಮುಖವನ್ನೂ ನೋಡಿ ಮುಗಿಯುವವರೆಗೆ ಹನ್ನೊಂದನೆಯದಕ್ಕೆ ದಾರಿಯಿಲ್ಲ.

"ಎಣಿಸಾಕ ಅಲ್ರಿ," ಎಂದರು. "ಮಾರಿ ನೋಡಾಕ."

ನಾನು ಅಲಂಕಾರಕ್ಕೆಂದು ಕೊಟ್ಟ ಅರ್ಥವನ್ನು ಆ ಮನುಷ್ಯ ಆಜ್ಞೆಯೆಂದು ತೆಗೆದುಕೊಂಡುಬಿಟ್ಟರು! ಮುಂದಿನ ಸೋಮವಾರದಿಂದಲೇ ವಾರಕ್ಕೆ ಹತ್ತು ವಿದ್ಯಾರ್ಥಿಗಳು ಅವರ ಕೋಣೆಯಲ್ಲಿ ಕೂತು, ಊರು ಯಾವುದು, ಮನೆಯಲ್ಲಿ ಯಾರು ಯಾರಿದ್ದಾರೆ, ಊಟ ಸೇರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡತೊಡಗಿದರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಕುರಿ ಕಾಯುವ ಡೀನ್ ಎಂದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಹೋದ ವರ್ಷ ಪರೀಕ್ಷೆಗೆ ಆರು ದಿನ ಇದ್ದಾಗ, ಹಾಜರಿ ಸಾಲದವರ ಪಟ್ಟಿಯನ್ನು ಅವರ ಸಹಿಗೆ ಒಯ್ದೆ. ಹಾಜರಿಯ ಉಸ್ತುವಾರಿ ನನ್ನದು. ಹತ್ತು ಹೆಸರುಗಳಿದ್ದವು. ಇವರನ್ನೆಲ್ಲ ನೋಡಿದ್ದೀರಾ ಎಂದು ಕೇಳಿದರು. ನನಗೆ ಗೊತ್ತಿದ್ದದ್ದು ರೋಲ್ ನಂಬರು ಮಾತ್ರ. ಎಲ್ಲರನ್ನೂ ಕರೆಸಿದರು, ಒಂಬತ್ತು ಮಂದಿ ಬಂದರು, ಸಕಾಲಕ್ಕೆ ಅರ್ಜಿ ಕೊಟ್ಟಿದ್ದ ಇಬ್ಬರ ಹೆಸರನ್ನು ಹೊಡೆದುಹಾಕಿ, ಉಳಿದ ಏಳು ಜನರ ನೆವಗಳನ್ನು ತಾಳ್ಮೆಯಿಂದ ಕೇಳಿ, ಪರೀಕ್ಷೆಗೆ ಕೂರುವಂತಿಲ್ಲ ಎಂದು ಎದುರಿಗೇ ಸಹಿ ಹಾಕಿದರು. ಮೆತ್ತಗಿನ ಮನುಷ್ಯನೇನಲ್ಲ. ಬಾರದೆ ಉಳಿದವಳು ಕನ್ನೊಳ್ಳಿಯ ಪ್ರಜ್ಞಾ. ಫೋನು ಹತ್ತಲಿಲ್ಲ. ಮರುದಿನ ನನ್ನ ಮೋಟರ್ ಸೈಕಲ್ಲಿನ ಹಿಂದೆ ಕೂತು ಕನ್ನೊಳ್ಳಿಗೆ ಹೊರಟೇಬಿಟ್ಟರು.

ಪ್ರಜ್ಞಾಳ ತಂದೆ ಧರ್ಮರಾಜ, ಗೌಂಡಿ ಕೆಲಸದವರು, ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬುದ್ಧನ ಪಟದ ಕೆಳಗೆ ಅವರ ಮಂಚ. ತಾಯಿ ಕೂಲಿಗೆ ಹೋದರೆ ಅವರನ್ನು ಹೊರಳಿಸಲು, ತೊಳೆಯಲು ಇದ್ದವಳು ಈ ಹುಡುಗಿ ಒಬ್ಬಳೇ. ರಜೆಯ ಅರ್ಜಿ ಏಕೆ ಕೊಡಲಿಲ್ಲವೆಂದು ನಾನು ತುಸು ಗದರಿದೆ.

"ಜಡ್ಡಾಗಿದ್ದು ಅಪ್ಪಗರಿ ಸರ, ನನಗಲ್ಲ," ಎಂದಳು. "ನಾ ರಜಾ ಹೆಂಗ ಕೇಳ್ಲಿ?"

ಡೀನ್ ನನ್ನತ್ತ ತಿರುಗಿಯೂ ನೋಡಲಿಲ್ಲ. ವಾರಗಟ್ಟಲೆ ಬಾರದಿದ್ದವರ ಮನೆಗೆ ವಿಚಾರಿಸಿ, ಇಂಥದ್ದಕ್ಕೂ ಅರ್ಜಿ ಉಂಟು ಎಂದು ತಿಳಿಸಬೇಕಾದವನು ನಾನು, ತಿಳಿಸಿರಲಿಲ್ಲ. ಅರ್ಜಿಯ ಕೊನೆಯ ದಿನ ದಾಟಿ ವಾರವಾಗಿತ್ತು. ಪರೀಕ್ಷೆ ತಪ್ಪಿದರೆ ಶಿಷ್ಯವೇತನ ನಿಲ್ಲುತ್ತದೆ, ಅದು ನಿಂತರೆ ಈ ಹುಡುಗಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಡೀನ್ ಮಂಚದ ಪಕ್ಕದಲ್ಲೇ ನೆಲಕ್ಕೆ ಕೂತು ಅರ್ಜಿ ಬರೆಸಿಕೊಂಡರು. ಅದರ ಕೆಳಗೆ ತಮ್ಮ ಉರುಟು ಅಕ್ಷರದಲ್ಲಿ ಬರೆದರು: ವಿದ್ಯಾರ್ಥಿನಿಗೆ ನಿಯಮ ತಿಳಿಸಬೇಕಾದದ್ದು ಕಾಲೇಜು, ತಿಳಿಸಿಲ್ಲ, ತಪ್ಪು ಡೀನ್‌ನದು, ತಡವಾದ ಅರ್ಜಿಯನ್ನು ನನ್ನ ಹೊಣೆಯಲ್ಲಿ ಸ್ವೀಕರಿಸಿದ್ದೇನೆ.

ಕುಲಪತಿ ಹುದ್ದೆಗೆ ಅವರ ಹೆಸರು ಪರಿಶೀಲನೆಯಲ್ಲಿದ್ದ ದಿನಗಳು ಅವು. ಈ ಒಂದು ಟಿಪ್ಪಣಿ ಸಾಕು, ಹೆಸರು ಬಿದ್ದುಹೋಗಲು. ನನಗೆ ತಡೆಯಲಾಗಲಿಲ್ಲ, ಮರುದಿನ ಕೋಣೆಗೆ ಹೋಗಿ, ತಪ್ಪು ನನ್ನದು, ನನ್ನ ಹೆಸರನ್ನೇ ಬರೆಯಿರಿ ಎಂದು ಅಂಗಲಾಚಿದೆ.

"ನಿಮ್ಮ ಹೆಸರು ಬರದ್ರ ವಿಚಾರಣಿ ಶುರು ಆಗತೈತಿ," ಎಂದರು. "ನನ್ನ ಹೆಸರು ಬರದ್ರ ಅಕಿ ಸೋಮವಾರ ಪರೀಕ್ಷಾಕ್ಕ ಕುಂದರ್ತಾಳ."

ಪ್ರಜ್ಞಾ ಸೋಮವಾರ ಪರೀಕ್ಷೆಗೆ ಕೂತಳು. ಡೀನ್ ಸಾಹೇಬರಿಗೆ ಮೂರು ವಾರದಲ್ಲಿ ನೋಟಿಸು ಬಂತು, ಮುಂದೆ ಕುಲಪತಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನೋಟಿಸಿಗೆ ಒಂದೇ ಸಾಲಿನ ಉತ್ತರ ಬರೆದು, ಬಿತ್ತನೆ ಬೀಜದ ಸಭೆಗೆ ಹೊರಟುಹೋದರು.

ಪದವಿ ಕೈಗೆ ಬಂದಾಗ ನಮ್ಮಂಥವರು ಮೊದಲು ನೋಡಿಕೊಳ್ಳುವುದು ಅದರಿಂದ ಏನೇನು ಅಧಿಕಾರ ಬಂತು ಎಂದು. ಇನ್ನೊಬ್ಬರ ತಪ್ಪನ್ನು ತನ್ನದೆಂದು ಬರೆಯುವ ಅಧಿಕಾರವೂ ಅದರೊಳಗೆ ಇರುತ್ತದೆ. ಅಪರೂಪಕ್ಕೆ ಕಾಣುವ ಇಂಥ ಜನ ಉಳಿದದ್ದನ್ನೆಲ್ಲ ಬದಿಗಿಟ್ಟು ಅದೊಂದನ್ನೇ ಬಳಸುತ್ತಾರೆ. ಅವರೆದುರು ನಿಂತಾಗ ನನಗೆ ಗೌರವಕ್ಕಿಂತ ಮೊದಲು ಭಯವಾಗುತ್ತದೆ. ಅವರು ಮಾಡಿದ್ದು ಯಾರಿಗೂ ಆಗುವಂಥ ಸಣ್ಣ ಕೆಲಸವೇ; ಅದು ನನಗೆ ಸಾಧ್ಯವಿರಲಿಲ್ಲ ಎಂದು ಹೇಳಿಕೊಳ್ಳಲು ಅವರು ಜಾಗವನ್ನೇ ಬಿಟ್ಟಿರುವುದಿಲ್ಲ.