ಹೊನ್ನೂರಮ್ಮನ ತೋಳಿನ ಬಾಗು

ಟಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್.

ಗಡಿಯಾರ ಎರಡು ಹೊಡೆದು ಬಹಳ ಹೊತ್ತಾಗಿರಲಿಲ್ಲ. ಹೆರಿಗೆ ಆಸ್ಪತ್ರೆಯ ರಾತ್ರಿಗೆ ಅದರದೇ ಸದ್ದುಗಳಿದ್ದವು. ಎಳೆಕೂಸಿನ ಅಳು, ದಾದಿಯರ ಚಪ್ಪಲಿ, ಬಿಸಿನೀರಿನ ಹಂಡೆಯ ಮುಚ್ಚಳ. ಅಲ್ಲೇ ಒಂದು ಕೋಣೆಯಲ್ಲಿ ಮಲಗುತ್ತಿದ್ದ ನಾನು ಅವುಗಳ ನಡುವೆ ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದೆ. ಈ ಸದ್ದು ಹಾಗಲ್ಲ. ಇದು ನೀರಿನದು. ಆ ಕಟ್ಟಡದಲ್ಲಿ ನೆಲದ ಮೇಲಿನ ಒಂದು ಹನಿ ನೀರಿಗೆ ನನ್ನಷ್ಟು ಹೆದರುವವರು ಇನ್ನೊಬ್ಬರಿರಲಿಲ್ಲ.

ಟಾರ್ಚ್ ಹಿಡಿದು ಪಡಸಾಲೆಗೆ ಬಂದೆ. ಉಗ್ರಾಣದ ಬಾಗಿಲ ಪಕ್ಕದಲ್ಲಿ ನೆಲ ತೊಳೆಯುವ ಯಂತ್ರ ನಿಂತಿತ್ತು. ಅದರ ಹಿಂಬದಿಯ ರಬ್ಬರ್ ಪಟ್ಟಿಯ ಒಂದು ತುದಿಯಲ್ಲಿ ಹನಿಯೊಂದು ಉಬ್ಬಿ, ಬೆಳಕನ್ನು ಹಿಡಿದುಕೊಂಡು, ಬಿತ್ತು. ಟಪ್.

ಆ ಹನಿಗೆ ನಾನು ಯಾಕೆ ಹಾಗೆ ಹೆದರುತ್ತಿದ್ದೆ ಎಂಬುದನ್ನು ಮೊದಲು ಹೇಳಬೇಕು.

ಕಾಲೇಜು ಮುಗಿಸಿದ ಮೇಲೆ ನನಗೆ ಸಿಕ್ಕ ಕೆಲಸ ಆ ಆಸ್ಪತ್ರೆಯ ಸ್ವಚ್ಛತೆಯ ಮೇಲ್ವಿಚಾರಣೆ. ಹೊರಬಾಗಿಲಿನಿಂದ ಹೆರಿಗೆ ಕೋಣೆಯವರೆಗೆ ಉದ್ದಕ್ಕೂ ಕರಿಕಲ್ಲಿನ ಪಡಸಾಲೆ. ಜನರ ಕಾಲು ಸವೆಸಿ ಸವೆಸಿ ಕನ್ನಡಿಯಂತಾಗಿತ್ತು. ಹೊರಗಿನಿಂದ ಬರುವವರು ಚಪ್ಪಲಿ ಬಾಗಿಲಾಚೆ ಬಿಟ್ಟು ಬರಬೇಕೆಂಬುದು ನಿಯಮ. ನೋವು ತಿನ್ನುತ್ತಾ ಬರುವ ಹೆಂಗಸರು ಆ ಕಲ್ಲಿನ ಮೇಲೆ ಬರಿಗಾಲಲ್ಲೇ ನಡೆಯಬೇಕಿತ್ತು. ನೆಲವನ್ನು ದಿನಕ್ಕೆ ನಾಲ್ಕು ಸಲ ತೊಳೆಯದೆ ವಿಧಿಯಿಲ್ಲ. ತೊಳೆದರೆ ಅರ್ಧ ಗಂಟೆ ಒಣಗುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಯಾರೂ ಬರದಿರಲಿ ಎಂದು ನಾನು ಬಾಗಿಲ ಬಳಿ ಕಾಯುತ್ತಾ ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಕಾಯಲಿಲ್ಲ. ಹೊರಗಿನಿಂದ ಯಾರೋ ದೊಡ್ಡವರು ನೋಡಲು ಬರುವವರಿದ್ದರು. ಆಗಲೇ ಒರೆಸಿದ್ದ ನೆಲವನ್ನು ಇನ್ನೊಮ್ಮೆ ತೊಳೆಯುವಂತೆ ಹೇಳಿ, ಹೂದಾನಿ ಸರಿಪಡಿಸಲು ಒಳಗೆ ಹೋದೆ. ಅಷ್ಟರಲ್ಲಿ ತುಂಬು ಬಸುರಿಯೊಬ್ಬಳು ಒಳಗೆ ಕಾಲಿಟ್ಟಳು, ಜಾರಿದಳು. ಅವಳು ನೆಲಕ್ಕೆ ಬೀಳಲಿಲ್ಲ. ಮೊಣಕಾಲೂರಿ ಒರೆಸುತ್ತಿದ್ದ ಹೊನ್ನೂರಮ್ಮ ಬಟ್ಟೆ ಬಿಸಾಡಿ ಅವಳ ಕೆಳಗೆ ತನ್ನ ಮೈಯನ್ನೇ ಹಾಸಿದಳು. ತಾಯಿಗೂ ಮಗುವಿಗೂ ಏನೂ ಆಗಲಿಲ್ಲ. ಹೊನ್ನೂರಮ್ಮನ ಬಲ ಮಣಿಕಟ್ಟು ಮುರಿಯಿತು. ಕೂಡಿಕೊಂಡ ಮೇಲೆ ಅದು ಮಡಚಲೇ ಇಲ್ಲ. ಕೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಬೇರೆ ಕೆಲಸ ಕೊಡಿಸುತ್ತೇನೆಂದರೆ ಅವಳು ಒಪ್ಪಲಿಲ್ಲ. "ನೆಲ ಒರಸಾಕ ಭುಜ ಐತಲ್ರಿ ಅಕ್ಕಾರ," ಎಂದಳು. ಅಂದಿನಿಂದ ಇಡೀ ತೋಳನ್ನು ಭುಜದಿಂದ ಬೀಸಿ ಒರೆಸತೊಡಗಿದಳು. ಒಮ್ಮೆ ಬೀಸಿದರೆ ಕಲ್ಲಿನ ಮೇಲೊಂದು ಒದ್ದೆ ಬಿದಿಗೆಯ ಚಂದ್ರ. ಅದರ ಹಿಂದೆ ಇನ್ನೊಂದು. ಅದನ್ನು ನೋಡಿದಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ತೊಳೆದ ಕೂಡಲೇ ಒಣಗುವ ನೆಲ ಬೇಕು. ಅದೊಂದೇ ನನ್ನ ತಲೆಯಲ್ಲಿತ್ತು. ಊರಿನ ಲೇತ್ ಅಂಗಡಿಯ ಮೌನೇಶನ ಹತ್ತಿರ ಹೋಗಿ, ನೀರು ಚೆಲ್ಲಿ, ತಿಕ್ಕಿ, ಹಿಂದೆಯೇ ಹೀರಿಕೊಳ್ಳುವ ಯಂತ್ರ ಮಾಡಲು ಆಗುತ್ತದೆಯೇ ಎಂದು ಕೇಳಿದೆ.

"ಗಾಳಿ ಊದೋ ಮೋಟಾರು ಗಾಳಿ ಹೀರಂಗಿಲ್ಲೇನ್ರಿ? ತಿರುಗಿಸಿ ಕುಂದ್ರಿಸಿದ್ರ ಆತು," ಎಂದ ಮೌನೇಶ.

ಅಷ್ಟು ಸುಲಭವೇನೂ ಆಗಲಿಲ್ಲ, ಆದರೂ ಮೂರು ತಿಂಗಳಲ್ಲಿ ಅವನು ಯಂತ್ರ ತಂದು ನಿಲ್ಲಿಸಿದ. ಮುಂದೆ ನೀರಿನ ಡಬ್ಬ, ಕೆಳಗೆ ಚಕ್ರದಂತೆ ತಿರುಗುವ ಬ್ರಷ್ಷು. ಹಿಂದುಗಡೆ ಅಡ್ಡಕ್ಕೆ ಒಂದು ತಗಡಿನ ಪಟ್ಟಿ, ಅದಕ್ಕೆ ನೆಲ ತಾಗುವಂತೆ ರಬ್ಬರಿನ ಅಂಚು. ಪಟ್ಟಿಯ ನಡುವೆ ಕೊಳವೆಯ ಬಾಯಿ. ಕೊಳೆನೀರನ್ನು ಹೀರಿ ಇನ್ನೊಂದು ಡಬ್ಬಕ್ಕೆ ತುಂಬುತ್ತಿತ್ತು. ಮೊದಲ ದಿನ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಯಂತ್ರ ಪಡಸಾಲೆಯ ಕೊನೆ ಮುಟ್ಟಿದ ಮೇಲೆ ಚಪ್ಪಾಳೆ ನಿಂತಿತು. ನಡುವಿನ ನೆಲ ಒಣಗಿತ್ತು. ಪಟ್ಟಿಯ ಎರಡು ತುದಿಗಳಿಂದ ನೀರು ಜಾರಿ, ಉದ್ದಕ್ಕೂ ಎರಡು ಗೆರೆಗಳಾಗಿ ಉಳಿದಿತ್ತು.

"ನಿನ್ನ ಮಿಶಿನ್ನು ನೆಲಕ್ಕ ಎರಡು ಜಡಿ ಹಾಕೈತಿ ನೋಡು," ಎಂದಳು ಹೊನ್ನೂರಮ್ಮ. "ಹೂವು ಒಂದು ಮುಡಿಸಿಬಿಡು."

"ನಗಬ್ಯಾಡ ಹೊನ್ನೂರವ್ವ. ಪಟ್ಟಿ ಎಲ್ಲೋ ಕೂದಲೆಳಿಯಷ್ಟು ಸೊಟ್ಟ ಇರಬೇಕು. ನೆಟ್ಟಗ ಮಾಡ್ತೀನಿ."

ನೆಟ್ಟಗೆ ಮಾಡುವುದು ಮೌನೇಶನ ಧರ್ಮವಾಗಿತ್ತು. ಅವನ ಅಂಗಡಿಯಲ್ಲಿ ಮೊಳೆ ಹೊಡೆಯುವ ಮೊದಲೂ ಅಳತೆಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಪಟ್ಟಿಯನ್ನು ಹತ್ತು ಸಲ ಬಿಚ್ಚಿ, ಹತ್ತು ಸಲ ನೆಟ್ಟಗೆ ಮಾಡಿದ. ಅದು ನೆಟ್ಟಗಾದಷ್ಟೂ ಜಡೆಗಳು ಅಚ್ಚುಕಟ್ಟಾದವು. ದೊಡ್ಡ ಮೋಟಾರು ಹಾಕಿದ. ಗದ್ದಲ ಹೆಚ್ಚಿ ಕೂಸುಗಳು ಎದ್ದವು.

ಕೊನೆಗೆ ದೊಡ್ಡ ಡಾಕ್ಟರು ವನಮಾಲಾ ನಮ್ಮಿಬ್ಬರನ್ನೂ ಕರೆಸಿದರು. "ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇದರ ಹಿಂದೆ ನಾನೇ ಬರಿಗಾಲಲ್ಲಿ ನಡೀತೀನಿ. ನೆಲದ ಮೇಲೆ ನನ್ನ ಹೆಜ್ಜೆ ಗುರುತು ಕಂಡರೆ ಇದನ್ನ ತಗೊಂಡು ಹೋಗಿಬಿಡಿ. ಬಾಣಂತಿಯರ ನಿದ್ದೆ ಕೆಡಿಸೋದಕ್ಕೂ ಒಂದು ಅರ್ಥ ಬೇಕು."

ನಾನು ಹನಿಯ ಸದ್ದಿಗೆ ಎದ್ದದ್ದು ಆ ಗುರುವಾರದ ಹಿಂದಿನ ರಾತ್ರಿ.

ಬಟ್ಟೆ ಹಾಸಿದರೆ ಬಟ್ಟೆ ಕಾಲಿಗೆ ತೊಡರೀತು. ಬಕೆಟ್ಟು ಇಟ್ಟರೆ ಯಾರಾದರೂ ಎಡವಿಯಾರು. ಉಗ್ರಾಣದ ಒಳಗಿನದು ಒರಟು ನೆಲ, ಅಲ್ಲಿ ಎಷ್ಟು ಹನಿ ಬಿದ್ದರೂ ಚಿಂತೆಯಿಲ್ಲ. ಯಂತ್ರವನ್ನು ಹಿಂದುಮುಂದಾಗಿ ಉಗ್ರಾಣದೊಳಕ್ಕೆ ಇಳಿಸುವುದೆಂದು ನಿಶ್ಚಯಿಸಿದೆ. ಬಾಗಿಲಲ್ಲಿ ಒಳಕ್ಕೆ ಸಣ್ಣ ಇಳಿಜಾರಿತ್ತು. ಯಂತ್ರದ ಭಾರ ನಾನು ಎಣಿಸಿದಷ್ಟಿರಲಿಲ್ಲ, ಅದರ ಎರಡರಷ್ಟಿತ್ತು. ಹಿಡಿ ಕೈಜಾರಿತು. ಯಂತ್ರ ತಾನೇ ಹಿಂದಕ್ಕೆ ಉರುಳಿತು; ಬಾಗಿಲಿಗಿಂತ ಅಗಲವಾಗಿದ್ದ ಪಟ್ಟಿಯ ಎರಡು ತುದಿಗಳೂ ಎರಡು ಕಡೆಯ ಚೌಕಟ್ಟಿಗೆ ಒಟ್ಟಿಗೇ ಬಡಿದವು. ಠಣ್ ಎಂದಿತು.

"ಏನದು?" ವಾರ್ಡಿನೊಳಗಿಂದ ದಾದಿಯ ದನಿ.

"ಏನಿಲ್ಲ, ಬಕೆಟ್ಟು," ಎಂದೆ.

ಟಾರ್ಚಿನ ಬೆಳಕು ಬಾಗಿಲ ಮೇಲೆ ಬಿತ್ತು. ಅಲ್ಲಿ ನಾನೇ ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿಯಿತ್ತು: 'ಪಟ್ಟಿಯನ್ನು ಬಿಚ್ಚದೆ ಯಂತ್ರವನ್ನು ಒಳಗೆ ಒಯ್ಯಬಾರದು.'

ಹೇಗೋ ಯಂತ್ರವನ್ನು ಮೇಲಕ್ಕೆ ತಳ್ಳಿ ಮೊದಲಿನ ಜಾಗದಲ್ಲೇ ನಿಲ್ಲಿಸಿದೆ. ಮೌನೇಶ ಕೂದಲೆಳೆಯಷ್ಟೂ ಸೊಟ್ಟವಿರಬಾರದೆಂದು ಹತ್ತು ಸಲ ತಿದ್ದಿದ್ದ ಪಟ್ಟಿ ಬಿಲ್ಲಿನಂತೆ ಬಾಗಿತ್ತು. ನಡು ಹಿಂದೆ ಉಳಿದು, ತುದಿಗಳೆರಡೂ ಮುಂದಕ್ಕೆ ಬಂದಿದ್ದವು. ಕೈಯಿಂದ ಜಗ್ಗಿದೆ, ಮೊಣಕಾಲು ಕೊಟ್ಟು ಒತ್ತಿದೆ. ಅದು ಅಲುಗಲಿಲ್ಲ. ಆ ಹೊಡೆತಕ್ಕೆ ಹನಿ ನಿಂತಿತ್ತು; ಬಿದ್ದಿದ್ದ ನೀರು ಒರೆಸಿ, ಮೇಲೊಂದು ಹೊದಿಕೆ ಹೊದಿಸಿ ಬಂದು ಮಲಗಿದೆ. ಮಲಗಿದೆ ಎನ್ನುವುದು ಬರೀ ಮಾತು. ಒಂದು ಸಲ ನನ್ನ ಅವಸರಕ್ಕೆ ಒಬ್ಬಳ ಕೈ ಹೋಗಿತ್ತು. ಈಗ ನನ್ನ ಹೆದರಿಕೆಗೆ ಎಲ್ಲರ ಶ್ರಮ ಹೋಯಿತೆಂದು ಬೆಳಗಾಗುವವರೆಗೆ ಸೂರು ನೋಡಿದೆ.

ಬೆಳಿಗ್ಗೆ ಒಂಬತ್ತಕ್ಕೆ ಮೌನೇಶ ಹೊದಿಕೆ ತೆಗೆದ. ಪಟ್ಟಿಯುದ್ದಕ್ಕೂ ಬೆರಳೆಳೆದು, ಒಂದು ಕಣ್ಣು ಮುಚ್ಚಿ ನೋಡಿದ.

"ಯಾರ ಕೆಲಸ ಇದು?" ಎಂದ.

ಹೇಳಬೇಕೆಂದೇ ನಾನು ಅಲ್ಲಿ ನಿಂತಿದ್ದೆ. ಮಾತುಗಳನ್ನು ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದೆ. ಅವನು ತೆಗೆದ ಹೊದಿಕೆಯನ್ನು ಮಡಚತೊಡಗಿದೆ. ಅವನು ಉತ್ತರಕ್ಕೆ ಕಾಯದೆ ಪಟ್ಟಿ ಬಿಚ್ಚಿ ನೆಲದ ಮೇಲಿಟ್ಟು ಸುತ್ತಿಗೆ ಎತ್ತಿದ.

"ತಡಿ," ಎಂದಳು ಹೊನ್ನೂರಮ್ಮ.

ಅವಳು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಆ ಬಾಗಿದ ಪಟ್ಟಿಯನ್ನು ನೋಡುತ್ತಾ ನಿಂತಳು. ಅವಳ ಮುಖದಲ್ಲಿ, ಸಂತೆಯಲ್ಲಿ ತನ್ನ ಊರಿನವರನ್ನು ಕಂಡಾಗ ಮೂಡುವಂಥ ಕಳೆಯಿತ್ತು. ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿದಳು, ಮೊಣಕಾಲೂರಿದಳು.

"ನೋಡು ಮೌನೇಶಣ್ಣ. ಕೈ ಹಿಂಗ ನೆಟ್ಟಗ ಎಳದ್ನಿ ಅನ್ನು." ಬಟ್ಟೆಯನ್ನು ಅಡ್ಡ ಹಿಡಿದು ನೇರಕ್ಕೆ ಎಳೆದಳು. ನೀರು ಎರಡು ಕಡೆಗೂ ತಪ್ಪಿಸಿಕೊಂಡು ಓಡಿತು. "ನಿನ್ನ ಜಡಿ ಬಂತಲ್ಲ? ಈಗ ನೋಡು." ಭುಜದಿಂದ ತೋಳು ಬೀಸಿದಳು. ಮಡಚದ ಮಣಿಕಟ್ಟು, ಕೈವಾರದ ಕಾಲಿನ ಹಾಗೆ ಒಂದಿಷ್ಟೂ ಅಲ್ಲಾಡದೆ, ಕಲ್ಲಿನ ಮೇಲೆ ಬಿದಿಗೆಯ ಚಂದ್ರನನ್ನು ಎಳೆಯಿತು. ನೀರೆಲ್ಲ ಆ ಬಾಗಿನ ನಡುವಿಗೆ ಸರಿದು ಬಂದು ಗುಂಪಾಗಿ ನಿಂತಿತು. "ಬಾಗಿದ್ರ ನೀರು ಉಡಿಯಾಗ ಬರ್ತೈತಿ. ನಿನ್ನ ಕೊಳವಿ ಬಾಯಿ ಎಲ್ಲೈತಿ? ನಡಕಲ್ಲ? ಮತ್ತ ನೀರು ನಡಕ ಬರಂಗ ಮಾಡದ ಮೋಟಾರು ಯಾಕ ಬೈತಿ?"

ಮೌನೇಶ ಸುತ್ತಿಗೆ ಕೆಳಗಿಟ್ಟ. "ಇನ್ನೊಮ್ಮಿ ಒರಸು," ಎಂದ.

ಅವಳು ಒರೆಸಿದಳು. ಅವನು ಜೇಬಿನಿಂದ ಸೀಮೆಸುಣ್ಣ ತೆಗೆದು, ಒದ್ದೆ ಗುರುತು ಆರುವ ಮೊದಲೇ ಅದರ ಅಂಚಿಗೆ ಗೆರೆ ಎಳೆದ. ಬಾಗಿದ ಪಟ್ಟಿಯನ್ನು ಗೆರೆಯ ಮೇಲಿಟ್ಟು ನೋಡಿದ. ನನ್ನ ರಾತ್ರಿಯ ಸಾಹಸ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬಾಗಿಸಿತ್ತು. ಹಾಗೆಯೇ ಬಿಟ್ಟಿದ್ದರೆ ಯಂತ್ರ ಒಂದು ಜಡೆಯನ್ನಂತೂ ಹೆಣೆಯುತ್ತಿತ್ತು. ಮೌನೇಶ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟ. ಒಂದು ಹೆಂಗಸಿನ ತೋಳಿನ ಗುರುತಿಗೆ ಸರಿಯಾಗಿ ತಗಡನ್ನು ಬಡಿಯತೊಡಗಿದ. ಅವಳು ಪಕ್ಕದಲ್ಲಿ ಕುಳಿತು, "ಈ ಕಡಿ ಇನ್ನಷ್ಟು," "ಸಾಕು, ಸಾಕು, ಒಬ್ಬಟ್ಟು ತಟ್ಟಾಕ ಹತ್ತೀಯೇನು?" ಎನ್ನುತ್ತಿದ್ದಳು.

ಹತ್ತು ಗಂಟೆಗೆ ವನಮಾಲಾ ಡಾಕ್ಟರು ಬಂದು ಚಪ್ಪಲಿ ಬಿಟ್ಟರು. ಮೌನೇಶ ಯಂತ್ರದ ಹಿಡಿಯನ್ನು ಹೊನ್ನೂರಮ್ಮನ ಕಡೆಗೆ ತಿರುಗಿಸಿದ. "ನೀನೇ ನಡಸು."

ಯಂತ್ರ ಹೊರಬಾಗಿಲಿನ ಕಡೆಯಿಂದ ಹೊರಟಿತು. ಅದರ ಮುಂದೆ ನೀರು, ನೊರೆ, ಕೊಳೆ; ಹಿಂದೆ ಬರಿಯ ಕರಿಕಲ್ಲು. ನನ್ನ ಕಣ್ಣು ಎರಡು ತುದಿಗಳಲ್ಲೇ ಇತ್ತು. ಅಲ್ಲಿ ನೀರು ಕಾಣಿಸಿಕೊಳ್ಳುತ್ತಿತ್ತು, ಅಂಚಿನವರೆಗೆ ಬರುತ್ತಿತ್ತು, ಆಮೇಲೆ ಯಾರೋ ಕರೆದ ಹಾಗೆ ನಡುವಿಗೆ ತಿರುಗಿ ಕೊಳವೆಯೊಳಗೆ ಮಾಯವಾಗುತ್ತಿತ್ತು. ಡಾಕ್ಟರು ಒಂದೊಂದೇ ಹೆಜ್ಜೆ ಇಡುತ್ತಾ, ಪ್ರತಿ ಹೆಜ್ಜೆಗೂ ಹಿಂತಿರುಗಿ ನೋಡುತ್ತಾ ಬಂದರು. ಪಡಸಾಲೆಯ ನಡುಭಾಗ ತಲುಪಿರಬೇಕು, ಆಗ ಹೊರಬಾಗಿಲು ತೆರೆಯಿತು.

ತಾಯಿಯ ಹೆಗಲು ಹಿಡಿದುಕೊಂಡು ಒಬ್ಬಳು ಹುಡುಗಿ ಬಂದಳು. ಚೊಚ್ಚಲು ಇರಬೇಕು, ನೋವಿಗೆ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಅಭ್ಯಾಸದಂತೆ "ನಿಲ್ಲಿ" ಎನ್ನಲು ಬಾಯಿ ತೆರೆದೆ. ಡಾಕ್ಟರು ಕೈ ಎತ್ತಿ ನನ್ನನ್ನು ತಡೆದರು.

ಹುಡುಗಿ ಈಗಷ್ಟೇ ತೊಳೆದ ನೆಲದ ಮೇಲೆ ಬರಿಗಾಲಿಟ್ಟಳು. ಒಂದು ಹೆಜ್ಜೆ. ಇನ್ನೊಂದು. ನೆಲದ ಕಡೆ ನೋಡಲೇ ಇಲ್ಲ. ನೆಲವೆಂಬುದೊಂದು ಇದೆ ಎಂಬ ಯೋಚನೆಯೇ ಅವಳಿಗಿರಲಿಲ್ಲ. ಯಂತ್ರವನ್ನು ಬಳಸಿಕೊಂಡು, ನಮ್ಮನ್ನೆಲ್ಲ ದಾಟಿ, ಇನ್ನೂ ತೊಳೆಯದೆ ಉಳಿದಿದ್ದ ಅರ್ಧ ಪಡಸಾಲೆಯನ್ನೂ ದಾಟಿ, ಹೆರಿಗೆ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು. ಅವಳು ನಡೆದು ಬಂದ ಕಲ್ಲಿನ ಮೇಲೆ ಒಂದು ಗುರುತೂ ಇರಲಿಲ್ಲ.

"ಇದು ಇಲ್ಲೇ ಇರಲಿ," ಎಂದರು ಡಾಕ್ಟರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೌನೇಶನನ್ನು ಕೇಳಿದರು: "ಏನು ಬದಲಾಯಿಸಿದಿರಿ?"

"ನಾನೇನೂ ಇಲ್ರಿ. ನಾ ನೆಟ್ಟಗಿದ್ನಿ. ಬಾಗು ಹೊನ್ನೂರವ್ವಂದು."

ಮಧ್ಯಾಹ್ನ ಆ ಹುಡುಗಿಗೆ ಹೆಣ್ಣುಮಗು ಹುಟ್ಟಿತು. ಅವಳ ತಾಯಿ ಹಂಚಿದ ಸಕ್ಕರೆಯಲ್ಲಿ ಮೊದಲ ಹಿಡಿ ಹೊನ್ನೂರಮ್ಮನಿಗೆ ಬಂತು. ಯಾಕೆಂದು ಕೊಟ್ಟವಳಿಗೆ ಗೊತ್ತಿರಲಿಲ್ಲ.

ಮೌನೇಶ ಆಮೇಲೆ ಅಂಥ ಯಂತ್ರಗಳನ್ನು ಎಷ್ಟು ಮಾಡಿದನೋ. ಶಾಲೆಗಳಿಗೆ, ಛತ್ರಗಳಿಗೆ, ಬೇರೆ ಊರಿನ ಆಸ್ಪತ್ರೆಗಳಿಗೆ. ಸೀಮೆಸುಣ್ಣದ ಗೆರೆಯನ್ನು ಹಲಗೆಯ ಮೇಲೆ ಕೊರೆದು ಅಚ್ಚು ಮಾಡಿಕೊಂಡಿದ್ದ. ಪ್ರತಿ ಪಟ್ಟಿಯ ಮೂಲೆಯಲ್ಲೂ ಉಳಿಯಿಂದ 'ಹೊ' ಎಂದು ಕೆತ್ತುತ್ತಿದ್ದ. ಗಿರಾಕಿಗಳು ಕೇಳಿದರೆ, ಕೈ ಮುರಿದುಕೊಂಡ ಹೆಂಗಸೊಬ್ಬಳು ಹೇಗೆ ಸೊಟ್ಟ ತಗಡನ್ನು ನೋಡಿ "ತಡಿ" ಎಂದಳೆಂದು ಹೇಳುತ್ತಿದ್ದ. ಆ ತಗಡು ಸೊಟ್ಟವಾದದ್ದು ಹೇಗೆಂದು ಮಾತ್ರ ಅವನು ಮತ್ತೆ ಕೇಳಲಿಲ್ಲ. ಆ ಬಾಗಿಲೂ ಕಟ್ಟಡವೂ ಈಗ ಇಲ್ಲ. ಇದ್ದಿದ್ದರೆ ಇದನ್ನು ಈಗಲೂ ಬರೆಯುತ್ತಿರಲಿಲ್ಲವೇನೋ.

ಹೇಳಿಬಿಡಬೇಕೆಂದು ನಾನು ಆಗಲೇ ಒಮ್ಮೆ ಹೊರಟಿದ್ದೆ. ಗುರುವಾರ ಕಳೆದು ನಾಲ್ಕೈದು ದಿನವಾಗಿತ್ತು. ಉಗ್ರಾಣದ ಬಳಿ ಹೋದಾಗ ಹೊನ್ನೂರಮ್ಮ ಸಣ್ಣ ಡಬ್ಬಿಯಲ್ಲಿ ಹಸಿರು ಬಣ್ಣ ಹಿಡಿದು, ಎಡಗೈಯಿಂದ ಬಾಗಿಲ ಚೌಕಟ್ಟಿಗೆ ಹಚ್ಚುತ್ತಿದ್ದಳು. ಎರಡು ಕಡೆಯಲ್ಲೂ, ಒಂದೇ ಎತ್ತರದಲ್ಲಿ, ಎರಡು ಹೊಸ ಗಾಯಗಳಿದ್ದವು. ಒಂದನ್ನು ಆಗಲೇ ಮುಚ್ಚಿದ್ದಳು.

"ಹೊನ್ನೂರಮ್ಮ, ಅದು... ಅವತ್ತು ರಾತ್ರಿ..." ಎಂದೆ.

"ಬಾಗಲಾ ಅಂದಮ್ಯಾಲ ಏನಾರ ತಾಗತಾವ್ರಿ ಅಕ್ಕಾರ," ಎಂದಳು, ತಿರುಗಿ ನೋಡದೆ. "ಒಂದೀಟು ಸರೀರಿ. ಸೀರಿಗೆ ಬಣ್ಣ ಹತ್ತತೈತಿ."

ನಾನು ಸರಿದೆ. ಹೇಳಿದರೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ನಾಳೆಯಿಂದ ಎಲ್ಲರೂ ಒಂದು ಬಾಗಿಲಿನ ಕತೆ ಹೇಳುತ್ತಾರೆ. ತೋಳಿನ ಕತೆ ಹಿಂದೆ ಬೀಳುತ್ತದೆ. ತಗಡು ಬಾಗಿದ್ದನ್ನು ನಾನು ರಾತ್ರಿಯೇ ನೋಡಿದ್ದೆ. ನನಗೆ ಕಂಡದ್ದು ನನ್ನ ತಪ್ಪು ಮಾತ್ರ; ಬಾಗು ಕಂಡದ್ದು ಅವಳಿಗೆ.

ಅವಳು ಎರಡನೆಯ ಗಾಯವನ್ನೂ ಮುಚ್ಚಿ, ನೆಲದ ಮೇಲೆ ಬಿದ್ದಿದ್ದ ಒಂದು ಹನಿ ಬಣ್ಣವನ್ನು ಒದ್ದೆ ಬಟ್ಟೆಯಿಂದ, ಭುಜದಿಂದ ತೋಳು ಬೀಸಿ ಒರೆಸಿದಳು. ಕಲ್ಲಿನ ಮೇಲೆ ಬಿದಿಗೆಯ ಚಂದ್ರ ಮೂಡಿತು. ಈ ಸಲ ನಾನು ಮುಖ ತಿರುಗಿಸಲಿಲ್ಲ. ತುದಿಗಳು ಮೊದಲು ಆರಿದವು, ಆಮೇಲೆ ನಡು. ಅದು ಪೂರ್ತಿ ಆರಿ ಕಲ್ಲು ಕಲ್ಲಾಗುವಷ್ಟರಲ್ಲಿ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದ್ದೆ.